ಕಥಾರಂಭದ ತಿದ್ದುಪಡಿ: ತುಮಕೂರು ಸೀಮೆಯ ಕೆಲವು ನಿದರ್ಶನಗಳು

ಕಾದಂಬರಿಯ ಹಸ್ತಪ್ರತಿಯನ್ನು ಸಾಹಿತ್ಯ ಪ್ರತಿನಿಧಿಯ ಕೈಗೊಪ್ಪಿಸುವ ಮುನ್ನ ಮೊದಲ ಪುಟಗಳನ್ನು ಹಲವು ಸಲ ತಿದ್ದುವ ಪದ್ಧತಿ ಆಂಗ್ಲ ಪ್ರಕಾಶನ ವ್ಯವಹಾರದಿಂದ ಬಂದುದು. ಲೇಖಕನ ಪರವಾಗಿ ಪ್ರಕಾಶಕನೊಡನೆ ಮಾತನಾಡುವ ಈ ವೃತ್ತಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಲಂಡನ್ನಿನ ಎ. ಪಿ. ವಾಟ್ ನೆಲೆಗೊಳಿಸಿದರು. ಕನ್ನಡದಲ್ಲಿ ಅದು ಬೇರೂರಲಿಲ್ಲ. ನಮ್ಮ ಲೇಖಕರು ಬಹುಮಟ್ಟಿಗೆ ಪ್ರಕಾಶಕನನ್ನೋ ಪತ್ರಿಕಾ ಸಂಪಾದಕನನ್ನೋ ನೇರವಾಗಿ ಕಂಡವರು. ಆದರೆ ಮೊದಲು ಓದುವವನಾರೆಂದು ಎಣಿಸಿ ಆರಂಭವನ್ನು ಹೊಂದಿಸುವ ರೂಢಿ ನಮ್ಮಲ್ಲಿ ಹಳೆಯದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಕುರಿತು ಐತಿಹಾಸಿಕ ಕಾದಂಬರಿ ಬರೆಯಹೊರಟವನು ಇದನ್ನರಿಯದಿದ್ದರೆ ಮೊದಲ ಅಧ್ಯಾಯದಲ್ಲಿಯೇ ಎಡವುವನು.

ಪಾವಗಡ ತಾಲ್ಲೂಕಿನ ನಿಡುಗಲ್ಲಿನಿಂದ ಆಳಿದ ಚೋಳ ಮನೆತನದವರು ತಮ್ಮ ಶಾಸನಗಳಲ್ಲಿ ಕರಿಕಾಲನ ವಂಶವನ್ನೂ ಒರೆಯೂರಿನ ಒಡೆತನವನ್ನೂ ಹೇಳಿಕೊಂಡಿದ್ದಾರೆ. ಒರೆಯೂರು ಇರುವುದು ತಿರುಚಿರಾಪಳ್ಳಿಯಲ್ಲಿ! ಕೊರಟಗೆರೆ ಸೀಮೆಯ ಹೊಳವನಹಳ್ಳಿಯ ಪಾಳೆಯಗಾರರು ಆವತಿ ಪ್ರಭುಗಳ ಬಳಗದವರು; ಈ ಬಳಗದ ಐತಿಹ್ಯವಾದರೋ, ಮನೆಯ ಕನ್ಯೆಯ ಮಾನವನ್ನುಳಿಸಲು ಕಂಚಿಯ ಕಡೆಯಿಂದ ಬಂಡಿ ಕಟ್ಟಿಕೊಂಡು ಹೊರಟ ಸಹೋದರರಿಂದ ಮೊದಲಾಗುತ್ತದೆ. ಎರಡು ಕಥನಗಳೂ ಊರಿನ ಹೊರಗೆ, ದೂರದ ತಮಿಳುನಾಡಿನಲ್ಲಿ ಆರಂಭವಾಗುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ದೂರದ ಮೂಲವು ಹತ್ತಿರದ ಅಧಿಕಾರಕ್ಕೆ ಸಾಕ್ಷಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೆಕೆಂಜಿಯ ಸಹಾಯಕರು ಊರೂರುಗಳ ಕೈಫಿಯತ್ತುಗಳನ್ನು ಸಂಗ್ರಹಿಸುತ್ತಿದ್ದಾಗ, ಸೀಮೆ ಕಳೆದುಕೊಂಡ ಮನೆತನಗಳಿಗೆ ವಂಶಾವಳಿಯ ಮೊದಲ ವಾಕ್ಯವೇ ಒಂದು ಬಗೆಯ ಅರ್ಜಿಯಾಗಿದ್ದಿತು.

ಕಾದಂಬರಿಕಾರನಿಗೆ ಇಂತಹ ಅರ್ಜಿಯ ಹಂಗಿಲ್ಲ. ಆದರೂ ಆಕರಗಳನ್ನು ಓದಿದವನು ಅವುಗಳ ಕ್ರಮವನ್ನೇ ಹಿಡಿದು, ಮೂಲಪುರುಷನಿಂದ ಕಥೆ ತೊಡಗುವುದು ಸಹಜ. ಕೆಂಪುನಾರಾಯಣನು ಕೂಡ 1823ರ ‘ಮುದ್ರಾಮಂಜೂಷ’ದಲ್ಲಿ ವಿಶಾಖದತ್ತನ ನಾಟಕಕ್ಕೆ ಹಿಂದಿನ ನಂದರ ವೃತ್ತಾಂತವನ್ನು ಮೊದಲು ಹೇಳಿದನು. ನಿಧಾನವಾಗಿ ಕೇಳುವವರಿದ್ದ ಕಾಲಕ್ಕೆ ಅದು ಸಲ್ಲುತ್ತಿದ್ದಿತು. ನಾಲ್ಕು ಪುಟ ನೋಡಿ ತೀರ್ಮಾನಿಸುವ ಪ್ರತಿನಿಧಿಯ ಮುಂದೆ ಸಲ್ಲದು.

ಶಿರಾವನ್ನೇ ನೋಡೋಣ. ರತ್ನಗಿರಿಯ ಕಸ್ತೂರಿ ರಂಗಪ್ಪನಾಯಕನು ಇಲ್ಲಿ ಕೋಟೆ ಕಟ್ಟಿಸತೊಡಗಿದನು. ಅದು ಪೂರ್ಣವಾಗುವ ಮೊದಲೇ, 1638ರಲ್ಲಿ, ಬಿಜಾಪುರದ ರಣದುಲ್ಲಾಖಾನನು ಊರನ್ನು ಗೆದ್ದನು. ಅರ್ಧಕ್ಕೆ ನಿಂತ ಗೋಡೆ, ಬಾಗಿಲಿಗೆ ಬಂದ ದಂಡು: ಇದಕ್ಕಿಂತ ಒಳ್ಳೆಯ ಆರಂಭ ಯಾವುದು? ರತ್ನಗಿರಿಯ ವಂಶಕಥೆಯನ್ನು ಕೈದಿಯೊಬ್ಬನ ಬಾಯಲ್ಲಿ ಐದನೆಯ ಅಧ್ಯಾಯದಲ್ಲಿ ಹೇಳಿಸಬಹುದು.

ಆದರೆ ತಿದ್ದುವ ಕೈ ಇಲ್ಲಿಯೇ ಜಾರುವುದುಂಟು. ಮೊಗಲರು ಶಿರಾವನ್ನು ಸುಬೆಯ ರಾಜಧಾನಿ ಮಾಡಿದುದು 1687ರಲ್ಲಿ, ಖಾಸಿಂಖಾನನ ಕಾಲದಲ್ಲಿ. ಮಧುಗಿರಿಯು ಮೈಸೂರಿನ ಚಿಕ್ಕದೇವರಾಜನ ವಶವಾದುದು 1678ರಲ್ಲಿ. ಮೊದಲ ಪುಟ ಬಿಸಿಯೇರಲೆಂದು ರಂಗಪ್ಪನಾಯಕನನ್ನು ಖಾಸಿಂಖಾನನ ಎದುರು ನಿಲ್ಲಿಸಿದರೆ ನಡುವಿನ 49 ವರ್ಷಗಳು ಅಳಿಸಿಹೋಗುತ್ತವೆ. ಬಿಜಾಪುರದವರ ಆಳಿಕೆ ಕಾಣದಾಗುತ್ತದೆ. 1651ರ ಮಲ್ಲಿಕ್ ರಿಹಾನನ ಗೋರಿ ಇಂದಿಗೂ ಆ ಊರಿನಲ್ಲಿ ಏಕಿದೆಯೆಂಬುದನ್ನು ಆ ಕಾದಂಬರಿ ಹೇಳಲಾರದು.