ಅಟ್ಟದಲ್ಲಿ ಬೆಳಕಿನ ಚುಕ್ಕೆಗಳು

ನಮ್ಮ ಮಲೆನಾಡಿನಲ್ಲಿ ಅಟ್ಟ ಅಂದರೆ ಹೊಗೆ, ಕತ್ತಲು, ಜೇಡರಬಲೆ. ಇಲ್ಲಿ ಮಸಾಚುಸೆಟ್ಸ್‌ನಲ್ಲಿ ನಾವು ಕೊಂಡ ಹಳೇ ಮನೆಯ ಅಟ್ಟ ಹತ್ತಿದರೆ ತಲೆಯ ಮೇಲೆಲ್ಲ ಬೆಳಕಿನ ಚುಕ್ಕೆಗಳು! ಸೋರುತ್ತೇನೋ ಅಂತ ಗಾಬರಿಯಾಯ್ತು. ಸೋರಲ್ಲ. ಹೆಂಚಿನ ಬದಲು ಹೊದಿಸಿರುವ ಸೀಡರ್ ಮರದ ಬಿಲ್ಲೆಗಳು (ಶಿಂಗಲ್ ಅಂತಾರೆ) ಮಳೆಗೆ ಉಬ್ಬಿ ಸಂದು ಮುಚ್ಚಿಕೊಳ್ಳುತ್ತವೆ, ಬಿಸಿಲಿಗೆ ಮತ್ತೆ ಬಿಟ್ಟುಕೊಳ್ಳುತ್ತವೆ. ಅಡಿಯ ಪಟ್ಟಿಗಳ ನಡುವೆಯೂ ಬೇಕಂತಲೇ ಜಾಗ ಬಿಟ್ಟಿದ್ದಾರೆ, ಕೆಳಗಿನಿಂದಲೂ ಒಣಗಲಿ ಅಂತ.

ಚಳಿಗಾಲದ ಬಿಲ್ಲಿಗೆ ಹೆದರಿ ಕಂಟ್ರಾಕ್ಟರ್ ಒಬ್ಬನನ್ನು ಕರೆಸಿದೆ. ಶಿಂಗಲ್ಲಿನ ಅಡಿಗೇ ಫೋಮ್ ಹೊಡೆದು ಒಂದೇ ದಿನದಲ್ಲಿ ಮುಚ್ಚಿಬಿಡ್ತೀನಿ ಅಂದ. ಯಾಕೋ ಮನಸ್ಸು ಒಪ್ಪದೆ ಓದುತ್ತಾ ಕೂತೆ.

ಹಿಂದೆ ಒಲೆಯ ಶಾಖ ಸೋರಿ ಅಟ್ಟವನ್ನೂ ಬೆಚ್ಚಗಿಡುತ್ತಿತ್ತು, ಮರ ಒಣಗಿಯೇ ಇರುತ್ತಿತ್ತು. ಇನ್ಸುಲೇಷನ್ ಬಂತು, ಅಟ್ಟ ತಣ್ಣಗಾಯ್ತು. ಅಡುಗೆಯ, ಸ್ನಾನದ, ನಮ್ಮ ಉಸಿರಿನ ಹಬೆ ಮೇಲೇರಿ ತಣ್ಣನೆ ಮರಕ್ಕೆ ತಾಗಿ ನೀರಾಗತೊಡಗಿತು. 1930ರ ದಶಕದ ಕೊನೆಯಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದ ಫ್ರಾಂಕ್ ರೌಲಿ ಇದನ್ನೇ ಅಭ್ಯಾಸ ಮಾಡಿದರು. 1942ರಲ್ಲಿ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಅಟ್ಟದ 300 ಚದರಡಿಗೆ 1 ಚದರಡಿ ಗಾಳಿಕಿಂಡಿ ಬೇಕು ಅಂತ ನಿಯಮ ಮಾಡಿತು. ಅಂದರೆ ಕಂಬಳಿ ಹಾಸಬೇಕಾದ್ದು ಅಟ್ಟದ ನೆಲಕ್ಕೆ. ಅದಕ್ಕೂ ಮೊದಲು ದೀಪದ ತೂತು, ಪೈಪಿನ ಸಂದುಗಳನ್ನು ಮುಚ್ಚಬೇಕು. ಮಾಡನ್ನು ಅದರ ಪಾಡಿಗೆ ಬಿಡಬೇಕು. ಫೋಮ್‌ನವನಿಗೆ ಬೇಡ ಅಂದೆ.

ನೆಲಕ್ಕೇ ಹಾಸೋಣ ಅಂತ ಮತ್ತೆ ಹತ್ತಿದೆ ನೋಡಿ, ಅಲ್ಲಿ ಆಗಲೇ ಯಾರೋ ಏನೋ ಸುರಿದಿದ್ದಾರೆ! ಕಾಗೆಬಂಗಾರದ ಹಾಗೆ ಹೊಳೆಯುವ, ಅರಳಿದ ಹರಳು. ವರ್ಮಿಕ್ಯುಲೈಟ್. 1973ರ ಎಣ್ಣೆ ಬಿಕ್ಕಟ್ಟಿನ ಬಿಸಿಗೆ, 1978ರಲ್ಲಿ ಸರ್ಕಾರ ಇನ್ಸುಲೇಷನ್ ಹಾಕಿಸಿದವರಿಗೆ ಖರ್ಚಿನ 15%, ಅಂದರೆ 300 ಡಾಲರ್‌ವರೆಗೆ, ತೆರಿಗೆ ಬಿಟ್ಟಿತು. ಆಗ ಸುರಿದದ್ದೋ, ಅದಕ್ಕೂ ಮೊದಲೋ, ಹೇಳೋರಿಲ್ಲ. ಚೀಲ ಬಿಚ್ಚಿ ಸುರಿದರಾಯ್ತು, ಅಷ್ಟು ಸುಲಭದ ಕೆಲಸ. ಆದರೆ ಅಮೆರಿಕದಲ್ಲಿ ಮಾರಾಟವಾದ ವರ್ಮಿಕ್ಯುಲೈಟಿನ 70%ಕ್ಕೂ ಹೆಚ್ಚು ಬಂದದ್ದು ಮೊಂಟಾನಾದ ಲಿಬ್ಬಿ ಎಂಬ ಒಂದೇ ಊರಿನ ಗಣಿಯಿಂದ, ಮತ್ತು ಆ ಅದಿರಿನಲ್ಲಿ ಆಸ್ಬೆಸ್ಟಾಸ್ ಬೆರೆತಿತ್ತು. ಗಣಿ 1990ರಲ್ಲಿ ಮುಚ್ಚಿತು. ಊರಿನ ನೂರಾರು ಜನ ಆ ದೂಳಿಗೇ ಬಲಿಯಾದರು. ಗಣಿಗೆ ಕಾಲಿಡದ ಹೆಂಡತಿ ಮಕ್ಕಳು ಕೂಡ, ಬಟ್ಟೆಗಂಟಿ ಮನೆಗೆ ಬಂದ ದೂಳಿನಿಂದ. 2009ರಲ್ಲಿ ಅಲ್ಲಿ ಆರೋಗ್ಯ ತುರ್ತುಸ್ಥಿತಿಯನ್ನೇ ಘೋಷಿಸಿದರು.

ನಾನು ಅದರ ಮೇಲೆ ಮಂಡಿಯೂರಿ ಕೂತು ಬೆಳಕಿನ ಚುಕ್ಕೆ ಎಣಿಸಿದ್ದೆ! ಈಗ ಅಟ್ಟದ ಬಾಗಿಲಿಗೆ ಟೇಪ್ ಅಂಟಿಸಿದೆ. ಇದನ್ನು ತೆಗೆಯಲು ತರಬೇತಿ ಪಡೆದವರೇ ಬೇಕಂತೆ, ಹೇಳಿಕಳಿಸಿದ್ದೇನೆ. ಈ ಚಳಿಗಾಲಕ್ಕೆ ಇನ್ನೆರಡು ರಜಾಯಿ ತಂದಿದ್ದೇವೆ.