ಡೆಸ್ಕ್‌ಟಾಪ್ ತಂತ್ರಾಂಶಗಳಲ್ಲಿ ವಿಂಡೋಗಳ ನಡುವಿನ ಸಂಚಾರ

ಪರದೆಯ ಮೇಲೆ ಹಲವು ವಿಂಡೋಗಳು ತೆರೆದಿರುವಾಗ ಬೇಕಾದುದನ್ನು ಮುಂದಕ್ಕೆ ತರುವುದು, ಉಳಿದವನ್ನು ಹಿಂದೆ ಸರಿಸುವುದು, ಕೀಲಿಮಣೆಯಲ್ಲಿ ಒತ್ತಿದ ಅಕ್ಷರ ಯಾವ ವಿಂಡೋಗೆ ಸೇರಬೇಕೆಂದು ತೀರ್ಮಾನಿಸುವುದು, ಇಷ್ಟೂ ಸೇರಿ ವಿಂಡೋ ಸಂಚಾರ. ಬೇರೆ ಬೇರೆ ತಂತ್ರಾಂಶಗಳ ನಡುವಿನ ಸಂಚಾರವನ್ನು ಕಾರ್ಯಾಚರಣ ವ್ಯವಸ್ಥೆ ನೋಡಿಕೊಳ್ಳುತ್ತದೆ. ತನ್ನದೇ ಹಲವು ವಿಂಡೋಗಳ ನಡುವಿನದನ್ನು ಆಯಾ ತಂತ್ರಾಂಶ ನೋಡಿಕೊಳ್ಳುತ್ತದೆ. ಈ ಎರಡರ ಗಡಿ ಎಲ್ಲಿರಬೇಕೆಂಬ ಪ್ರಶ್ನೆಯೇ ಈ ಚರಿತ್ರೆಯನ್ನು ಮುನ್ನಡೆಸಿದೆ.

ಡಗ್ಲಸ್ ಎಂಗೆಲ್‌ಬಾರ್ಟ್ 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೌಸ್ ಹಿಡಿದು ನಡೆಸಿದ ಪ್ರಾತ್ಯಕ್ಷಿಕೆಯಲ್ಲಿ ಪರದೆಯನ್ನು ಭಾಗ ಮಾಡಿ ತೋರಿಸಿದ್ದರು. ಒಂದರ ಮೇಲೊಂದು ಹರಡಿಕೊಳ್ಳುವ ವಿಂಡೋಗಳು ರೂಪುಗೊಂಡದ್ದು 1970ರ ದಶಕದಲ್ಲಿ, ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ, ಅಲನ್ ಕೇ ಮತ್ತು ಸಂಗಡಿಗರ ಸ್ಮಾಲ್‌ಟಾಕ್ ವ್ಯವಸ್ಥೆಯಲ್ಲಿ. ಆಪಲ್‌ನ ಬಿಲ್ ಅಟ್ಕಿನ್ಸನ್ 1979ರಲ್ಲಿ ಅಲ್ಲಿಗೆ ಹೋದಾಗ, ಮರೆಯಾದ ವಿಂಡೋ ಹೊರಬರುತ್ತಲೇ ತನ್ನ ಚಿತ್ರವನ್ನು ತಾನೇ ಸರಿಪಡಿಸಿಕೊಳ್ಳುವುದನ್ನು ಕಂಡೆನೆಂದು ಭಾವಿಸಿದರು. ಅಲ್ಲಿ ಅಂಥದ್ದು ಇರಲಿಲ್ಲ. ಇದೆಯೆಂಬ ನಂಬಿಕೆಯಲ್ಲೇ ಅವರು ದಾರಿ ಹುಡುಕಿದರು. ಅಂಕುಡೊಂಕಾದ ಕ್ಷೇತ್ರಗಳನ್ನು ವೇಗವಾಗಿ ಲೆಕ್ಕಹಾಕುವ ವಿಧಾನ ಅದರಿಂದ ಹುಟ್ಟಿತು. ಲೀಸಾ (1983), ಮ್ಯಾಕಿಂಟಾಷ್ (1984) ಎರಡೂ ಅದರ ಮೇಲೆ ನಿಂತವು.

ಅತ್ತ 1985ರ ನವೆಂಬರಿನಲ್ಲಿ ಬಂದ ವಿಂಡೋಸ್ 1.0ರಲ್ಲಿ ತಂತ್ರಾಂಶಗಳ ವಿಂಡೋಗಳು ಪಕ್ಕಪಕ್ಕದಲ್ಲೇ ಇರಬೇಕಿತ್ತು, ಒಂದನ್ನೊಂದು ಮುಚ್ಚುವಂತಿರಲಿಲ್ಲ. ಎಲ್ಲವೂ ಕಣ್ಣೆದುರಿಗಿದ್ದರೆ ಹುಡುಕುವ ಕೆಲಸವೇ ಇಲ್ಲ. ಆದರೆ ಚಿಕ್ಕ ಪರದೆಯಲ್ಲಿ ಒಂದಕ್ಕೂ ಸಾಕಷ್ಟು ಜಾಗ ಸಿಗುವುದಿಲ್ಲ. 1987ರ ವಿಂಡೋಸ್ 2.0 ಮೇಲೆ ಮೇಲೆ ಹರಡಲು ಬಿಟ್ಟಿತು. ಅಲ್ಲಿಂದ ಮರೆಯಲ್ಲಿರುವುದನ್ನು ಹುಡುಕುವ ಸಾಧನಗಳು ಅನಿವಾರ್ಯವಾದವು.

ಅವುಗಳಲ್ಲಿ ಹೆಚ್ಚು ಬಾಳಿದ್ದು ಆಲ್ಟ್ ಮತ್ತು ಟ್ಯಾಬ್ ಕೀಲಿಗಳ ಜೋಡಿ. ವಿಂಡೋಸ್ 3.1ರಲ್ಲಿ (1992) ಅದು ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆದು ತಂತ್ರಾಂಶದ ಹೆಸರು ತೋರಿಸುತ್ತಿತ್ತು. ಇದರ ಜಾಣತನವಿರುವುದು ಸಾಲಿನ ಕ್ರಮದಲ್ಲಿ. ವಿಂಡೋಗಳು ತೆರೆದ ಕ್ರಮದಲ್ಲಾಗಲಿ ಹೆಸರಿನ ಕ್ರಮದಲ್ಲಾಗಲಿ ಬರುವುದಿಲ್ಲ; ಇತ್ತೀಚೆಗೆ ಬಳಸಿದ್ದು ಮೊದಲು ಬರುತ್ತದೆ. ಹಾಗಾಗಿ ಒಮ್ಮೆ ಒತ್ತಿದರೆ ಹಿಂದಿನ ವಿಂಡೋ, ಮತ್ತೊಮ್ಮೆ ಒತ್ತಿದರೆ ಮರಳಿ ಇದೇ ವಿಂಡೋ. ಮೂಲವನ್ನು ಓದುತ್ತ ಇನ್ನೊಂದರಲ್ಲಿ ಬರೆಯುವವರಿಗೆ ಇದಕ್ಕಿಂತ ಉಪಕಾರಿ ವ್ಯವಸ್ಥೆ ಇಂದಿಗೂ ಬಂದಿಲ್ಲ. ವಿಂಡೋಸ್ 95ರ ಟಾಸ್ಕ್‌ಬಾರ್ ಇದಕ್ಕೆ ಪೂರಕ: ಅಲ್ಲಿ ಪ್ರತಿ ಗುಂಡಿಯೂ ತನ್ನ ಜಾಗದಲ್ಲೇ ಇರುತ್ತದೆ, ನೆನಪಿಗೆ ಬದಲು ಕಣ್ಣು ಕೆಲಸ ಮಾಡುತ್ತದೆ.

ತಂತ್ರಾಂಶದೊಳಗಿನ ಸಂಚಾರಕ್ಕೆ 1990ರ ಸುಮಾರಿಗೆ ಮೈಕ್ರೋಸಾಫ್ಟ್ ಪ್ರಚಾರಕ್ಕೆ ತಂದದ್ದು ಬಹುದಾಖಲೆ ವಿನ್ಯಾಸ, ಅಂದರೆ ಎಂಡಿಐ. ಒಂದು ದೊಡ್ಡ ತಾಯಿ ವಿಂಡೋ, ಅದರೊಳಗೆ ದಾಖಲೆಗೊಂದು ಮರಿ ವಿಂಡೋ. ಮೆನು ಪಟ್ಟಿ ಒಂದೇ ಸಾಕು. ಮರಿಗಳ ನಡುವೆ ಓಡಾಡಲು ಕಂಟ್ರೋಲ್ ಮತ್ತು ಎಫ್6 ಕೀಲಿಗಳು, ಜೊತೆಗೆ ತೆರೆದ ದಾಖಲೆಗಳ ಹೆಸರುಗಳನ್ನು ಸಂಖ್ಯೆಯ ಸಮೇತ ತೋರಿಸುವ 'ವಿಂಡೋ' ಮೆನು. ಕಾಗದಗಳೆಲ್ಲ ಒಂದೆಡೆ ಇರುತ್ತಿದ್ದವು ನಿಜ. ಆದರೆ ಮರಿ ವಿಂಡೋ ತಾಯಿಯ ಗೋಡೆ ದಾಟುವಂತಿರಲಿಲ್ಲ. ಒಂದೇ ತಂತ್ರಾಂಶದ ಎರಡು ದಾಖಲೆಗಳನ್ನು ಎರಡು ಮಾನಿಟರಿನಲ್ಲಿ ಇಡಬೇಕೆಂದರೆ ತಾಯಿ ವಿಂಡೋವನ್ನೇ ಎರಡಕ್ಕೂ ಚಾಚಬೇಕು. ಆಲ್ಟ್-ಟ್ಯಾಬ್‌ಗೆ ಮರಿಗಳು ಕಾಣುತ್ತಲೂ ಇರಲಿಲ್ಲ. ಟಾಸ್ಕ್‌ಬಾರ್ ಬಂದಮೇಲೆ ಈ ಕೊರತೆ ಎದ್ದು ಕಂಡಿತು. ವರ್ಡ್ 2000 ಪ್ರತಿ ದಾಖಲೆಗೂ ಸ್ವತಂತ್ರ ವಿಂಡೋ ಕೊಟ್ಟಿತು. ಎಕ್ಸೆಲ್ ಆ ಹೆಜ್ಜೆ ಇಟ್ಟದ್ದು 2013ರ ಆವೃತ್ತಿಯಲ್ಲಿ. ಲೆಕ್ಕದ ಹಾಳೆಗಳನ್ನು ಹೋಲಿಸಿ ನೋಡುವವರು ಅಷ್ಟು ದೀರ್ಘಕಾಲ ಕಾಯಬೇಕಾಯಿತು.

ಮ್ಯಾಕಿಂಟಾಷ್‌ನಲ್ಲಿ ಮೆನು ಪರದೆಯ ನೆತ್ತಿಯಲ್ಲಿರುವುದರಿಂದ ತಾಯಿ ವಿಂಡೋ ಬೇಕಾಗಲೇ ಇಲ್ಲ. ಆರಂಭದಲ್ಲಿ ಅಲ್ಲಿ ಒಂದು ಹೊತ್ತಿಗೆ ಒಂದೇ ತಂತ್ರಾಂಶ ನಡೆಯುತ್ತಿತ್ತು. ಆಂಡಿ ಹರ್ಟ್ಸ್‌ಫೆಲ್ಡ್ ಬರೆದ ಸ್ವಿಚರ್ (1985), ಬಳಿಕ ಮಲ್ಟಿಫೈಂಡರ್ (1987) ಅದನ್ನು ಸಡಿಲಿಸಿದವು. ಇಂದು ಅಲ್ಲಿ ಕಮಾಂಡ್-ಟ್ಯಾಬ್ ತಂತ್ರಾಂಶಗಳ ನಡುವೆ ದಾಟಿಸುತ್ತದೆ, ತಂತ್ರಾಂಶದೊಳಗಿನ ವಿಂಡೋಗಳಿಗೆ ಬೇರೆಯೇ ಕೀಲಿ. ವಿಂಡೋಸ್‌ನಿಂದ ಹೋದವರು ಮೊದಲು ಎಡವುವುದು ಇಲ್ಲೇ.

ಯಾವ ವಿಂಡೋ ತಾನಾಗಿ ಮುಂದೆ ಬರಬಹುದು ಎಂಬುದು ಇನ್ನೊಂದು ಎಳೆ. ಉತ್ತರ ಕೊಡುವವರೆಗೆ ಉಳಿದದ್ದನ್ನು ತಡೆಹಿಡಿಯುವ ಡಯಲಾಗ್ ಪೆಟ್ಟಿಗೆ ಸಂಚಾರಕ್ಕೆ ದೊಡ್ಡ ಅಡ್ಡಿ. ಒಂದು ಸ್ಥಿತಿಯಲ್ಲಿ ಬಳಕೆದಾರರನ್ನು ಕಟ್ಟಿಹಾಕುವ ವಿನ್ಯಾಸವನ್ನು ಜೀವಮಾನವಿಡೀ ವಿರೋಧಿಸಿದ ಲ್ಯಾರಿ ಟೆಸ್ಲರ್ ತಮ್ಮ ಕಾರಿನ ಫಲಕದಲ್ಲೂ 'ನೋ ಮೋಡ್ಸ್' ಎಂದೇ ಬರೆಸಿದ್ದರು. ಮ್ಯಾಕ್ ಓಎಸ್ ಟೆನ್ (2001) ಇಂಥ ಪೆಟ್ಟಿಗೆಯನ್ನು ಅದಕ್ಕೆ ಸಂಬಂಧಿಸಿದ ವಿಂಡೋಗೇ ಅಂಟಿಸಿ, ಉಳಿದವನ್ನು ಮುಕ್ತವಾಗಿಟ್ಟಿತು. ವಿಂಡೋಸ್ 98ರಿಂದ ಹಿನ್ನೆಲೆಯ ತಂತ್ರಾಂಶ ಏಕಾಏಕಿ ಮುನ್ನುಗ್ಗುವುದಕ್ಕೆ ಕಡಿವಾಣ ಬಿತ್ತು; ಅದರ ಟಾಸ್ಕ್‌ಬಾರ್ ಗುಂಡಿ ಮಿನುಗಿ ಸುಮ್ಮನಾಗುತ್ತದೆ. ಯಾರೋ ಗುಪ್ತಪದ ಬೆರಳಚ್ಚಿಸುತ್ತಿರುವಾಗ ಬೇರೆ ವಿಂಡೋ ನಡುವೆ ಬಂದು ಅಕ್ಷರಗಳನ್ನು ಕಸಿದುಕೊಳ್ಳುವ ಅಪಾಯ ಇದರಿಂದ ತಗ್ಗಿತು.

ಸಂಚಾರ ಏಕೆ ದಣಿಸುತ್ತದೆ ಎಂಬುದಕ್ಕೆ ಒಳ್ಳೆಯ ವಿವರಣೆ 1986ರಲ್ಲೇ ಬಂತು. ಪಾಲೋ ಆಲ್ಟೋ ಕೇಂದ್ರದ ಸ್ಟುವರ್ಟ್ ಕಾರ್ಡ್ ಮತ್ತು ಆಸ್ಟಿನ್ ಹೆಂಡರ್ಸನ್, ಜನ ಒಂದು ಕೆಲಸಕ್ಕೆ ಕೆಲವೇ ವಿಂಡೋಗಳ ಗುಂಪನ್ನು ಬಳಸುತ್ತಾರೆ, ಕೆಲಸ ಬದಲಾದಾಗ ಗುಂಪೇ ಬದಲಾಗುತ್ತದೆ ಎಂದು ಗಮನಿಸಿದರು. ಅವರ 'ರೂಮ್ಸ್' ವ್ಯವಸ್ಥೆ ಕೆಲಸಕ್ಕೊಂದು ಕೋಣೆ ಕೊಟ್ಟಿತು. ಒಂದೇ ವಿಂಡೋ ಎರಡು ಕೋಣೆಗಳಲ್ಲೂ ಇರಬಹುದಿತ್ತು. ಯೂನಿಕ್ಸ್ ಬಳಗದ ವಿಂಡೋ ನಿರ್ವಾಹಕಗಳು ಇಂಥ ಬಹು ಡೆಸ್ಕ್‌ಟಾಪ್‌ಗಳನ್ನು ಬೇಗನೆ ಅಳವಡಿಸಿಕೊಂಡವು. ಮ್ಯಾಕ್‌ಗೆ ಅದು 2007ರಲ್ಲಿ, ವಿಂಡೋಸ್‌ಗೆ ಅಂತರ್ಗತವಾಗಿ 2015ರಲ್ಲಿ ದಕ್ಕಿತು. ಇದಕ್ಕೂ ಮೊದಲು, 2003ರಲ್ಲಿ, ಮ್ಯಾಕ್‌ನ ಎಕ್ಸ್‌ಪೋಸೆ ಎಲ್ಲ ವಿಂಡೋಗಳನ್ನೂ ಕುಗ್ಗಿಸಿ ಒಟ್ಟಿಗೆ ಹರಡಿ ತೋರಿಸಿತ್ತು.

ಬ್ರೌಸರುಗಳಿಂದ ಹಬ್ಬಿದ ಟ್ಯಾಬ್‌ಗಳು ಸಂಚಾರವನ್ನು ಮತ್ತೆ ತಂತ್ರಾಂಶದ ಕೈಗೆ ಕೊಟ್ಟವು. ಚಿತ್ರ ಸಂಪಾದಕ ಗಿಂಪ್‌ನ ಉಪಕರಣಗಳು ಬಿಡಿಬಿಡಿ ವಿಂಡೋಗಳಾಗಿ ತೇಲುತ್ತವೆಂದು ಬಳಕೆದಾರರು ವರ್ಷಗಟ್ಟಲೆ ದೂರಿದ ಮೇಲೆ, 2012ರ 2.8 ಆವೃತ್ತಿ ಎಲ್ಲವನ್ನೂ ಒಂದೇ ವಿಂಡೋಗೆ ಸೇರಿಸುವ ಆಯ್ಕೆ ನೀಡಿತು. ಮ್ಯಾಕ್ ಓಎಸ್ ಸಿಯೆರಾ (2016) ದಾಖಲೆ ಆಧಾರಿತ ತಂತ್ರಾಂಶಗಳಿಗೆ ವ್ಯವಸ್ಥೆಯ ಕಡೆಯಿಂದಲೇ ಟ್ಯಾಬ್ ಒದಗಿಸಿತು. ಬೇರೆ ಬೇರೆ ತಂತ್ರಾಂಶಗಳನ್ನೇ ಒಂದು ವಿಂಡೋದ ಟ್ಯಾಬ್‌ಗಳಾಗಿ ಜೋಡಿಸುವ 'ಸೆಟ್ಸ್' ಎಂಬ ಯೋಜನೆಯನ್ನು ಮೈಕ್ರೋಸಾಫ್ಟ್ ವಿಂಡೋಸ್ 10ರಲ್ಲಿ ಪರೀಕ್ಷಿಸಿ ಕೈಬಿಟ್ಟಿತು. ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್ 2022ರಲ್ಲಿ ತನಗಷ್ಟೇ ಟ್ಯಾಬ್‌ಗಳನ್ನು ಪಡೆಯಿತು.