ಪ್ರಿಪೋನ್

‘ಪೋಸ್ಟ್‌ಪೋನ್’ ಲ್ಯಾಟಿನ್ ಮೂಲದ್ದು: ‘ಪೋಸ್ಟ್’ ಎಂದರೆ ಆಮೇಲೆ, ‘ಪೊನೆರೆ’ ಎಂದರೆ ಇಡುವುದು. ಅದಕ್ಕೆ ವಿರುದ್ಧವಾಗಿ, ಗೊತ್ತಾದ ದಿನಕ್ಕಿಂತ ಮೊದಲೇ ನಡೆಸುವುದಕ್ಕೆ ಇಂಗ್ಲೆಂಡಿನವರು ‘ಬ್ರಿಂಗ್ ಫಾರ್ವರ್ಡ್’ ಎನ್ನುತ್ತಾರೆ. ‘ಅಡ್ವಾನ್ಸ್’ ಎಂದೂ ಹೇಳಬಹುದು. ಆದರೆ ನಮ್ಮ ಕಿವಿಗೆ ಅದು ಬಾಡಿಗೆ ಮನೆಗೆ ಕೊಡುವ ದುಡ್ಡು. ಹಾಗಾಗಿ ಭಾರತದಲ್ಲಿ ‘ಪ್ರಿಪೋನ್’ ನೆಲೆಯೂರಿತು.

ಇದು ಭಾರತೀಯರೇ ಹುಟ್ಟಿಸಿದ ತಪ್ಪು ಇಂಗ್ಲಿಷ್ ಎಂದು ಮೂಗು ಮುರಿಯುವವರಿದ್ದಾರೆ. ಆದರೆ 1913ರಲ್ಲೇ ನ್ಯೂಯಾರ್ಕ್ ಟೈಮ್ಸ್‌ಗೆ ಬಂದ ಓದುಗರ ಪತ್ರವೊಂದು ಈ ಅರ್ಥದಲ್ಲಿ ಅದನ್ನು ಬಳಸಿತ್ತು. ಅಲ್ಲಿ ಬೇರು ಬಿಡಲಿಲ್ಲ, ಅಷ್ಟೇ.

ನಮಗಂತೂ ಇದರ ಉಪಯೋಗ ದೊಡ್ಡದು. ಕನ್ನಡದಲ್ಲಿ ‘ಮುಂದೂಡು’, ‘ಮುಂದಕ್ಕೆ ಹಾಕು’ ಎಂದರೆ ತಡಮಾಡುವುದು. ಇಂಗ್ಲಿಷಿನ ‘ಫಾರ್ವರ್ಡ್’ ಕೂಡ ಮುಂದಕ್ಕೇ, ಆದರೆ ಅರ್ಥ ಉಲ್ಟಾ. ಶುಕ್ರವಾರದ ಮೀಟಿಂಗನ್ನು ‘ಬ್ರಿಂಗ್ ಫಾರ್ವರ್ಡ್’ ಮಾಡಿದ್ದಾರೆಂದರೆ ಸೋಮವಾರ ಬಂದು ನಿಲ್ಲುವವರು ಇದ್ದೇ ಇರುತ್ತಾರೆ. ‘ಹಿಂದಕ್ಕೆ ಹಾಕಿದ್ದಾರೆ’ ಎಂದರೂ ಗೊಂದಲ ತಪ್ಪದು. ‘ಎಕ್ಸಾಮ್ ಪ್ರಿಪೋನ್ ಆಗಿದೆಯಂತೆ’ ಎಂದು ನೋಡಿ, ಹಾಸ್ಟೆಲ್ಲಿನಲ್ಲಿ ಯಾರೂ ಅರ್ಥ ಕೇಳುವುದಿಲ್ಲ. ಬರಹದಲ್ಲಿ ‘ನಿಗದಿಗಿಂತ ಮೊದಲೇ’ ಎನ್ನಬಹುದು. ಲಂಡನ್ನಿನ ಆಫೀಸಿಗೆ ಮೇಲ್ ಕಳಿಸುವಾಗ ಮಾತ್ರ ಹೊಸ ತಾರೀಖನ್ನೂ ಜೊತೆಗೆ ಬರೆದುಬಿಡುವುದು ಕ್ಷೇಮ.